ಕನ್ನಡ ವಿಕಿಪೀಡಿಯಕ್ಕೆ ಈಗ ಬೇಕಿರುವುದು ತಿದ್ದುವವರು

ವಿಕಿಪೀಡಿಯಕ್ಕೆ ಬರೆಯುವುದು ಹೇಗೆಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಹೊಸ ಲೇಖನ ಶುರುಮಾಡಬೇಡಿ, ಇರುವುದನ್ನು ತಿದ್ದಿ. ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ತಮ್ಮ ಕೈಯಿಂದ ಒಂದು ಪುಟ ಹುಟ್ಟಲಿ ಎಂಬ ಆಸೆ ಸಹಜವೇ. ಆದರೆ 2003ರಲ್ಲಿ ಆರಂಭವಾಗಿ 30,000 ಲೇಖನಗಳನ್ನು ದಾಟಿರುವ ಕನ್ನಡ ವಿಕಿಪೀಡಿಯದಲ್ಲಿ ಕೊನೆಯವರೆಗೆ ಓದಿಸಿಕೊಳ್ಳುವ ಪುಟಗಳು ಎಷ್ಟಿವೆ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಲಕರಣೆಯನ್ನು ಬಳಸಿ ಇಂಗ್ಲಿಷ್ ಲೇಖನಗಳನ್ನು ಹಲವು ಭಾರತೀಯ ಭಾಷೆಗಳಿಗೆ ತರಿಸಿತು. ಹಾಗೆ ಕನ್ನಡಕ್ಕೆ ಬಂದ ಪುಟಗಳು ಉದ್ದವಾಗಿವೆ, ಅಡಿಯಲ್ಲಿ ಸಾಲುಸಾಲು ಉಲ್ಲೇಖಗಳೂ ಇವೆ. ವಾಕ್ಯಗಳು ಮಾತ್ರ ಕನ್ನಡದವಲ್ಲ. ಎಲ್ಲೆಲ್ಲೂ ‘ಮಾಡಲ್ಪಟ್ಟಿತು’, ‘ಪರಿಗಣಿಸಲ್ಪಡುತ್ತದೆ’. ಅಂಥ ಒಂದು ಪ್ಯಾರಾ ಸರಿಪಡಿಸಲು ಇಂಗ್ಲಿಷ್ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ವಿಷಯ ಅರ್ಥಮಾಡಿಕೊಂಡು, ಮೊದಲಿನಿಂದ ಬರೆಯಬೇಕಾಗುತ್ತದೆ. ಹೊಸದನ್ನು ಬರೆಯುವುದೇ ಸುಲಭ ಎನಿಸುವುದು ಇದಕ್ಕೇ.

ಇನ್ನೊಂದು ಬಗೆಯ ರಿಪೇರಿ ಇದೆ, ಅದಕ್ಕೆ ಸ್ಥಳೀಯರೇ ಬೇಕು. ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಉಪಕಾರ. ಬಲ್ಲವರು ಬರೆದ ಒಳ್ಳೆಯ ಗದ್ಯ ಅದರಿಂದ ವಿಕಿಗೆ ದಕ್ಕಿತು. ಆದರೆ ದಶಕಗಳ ಹಿಂದೆ ಬರೆದ ಊರಿನ ವಿವರ ಇಂದಿನ ಊರಿಗೆ ಹೊಂದುವುದಿಲ್ಲ. ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆ ತಾಲ್ಲೂಕಿನ ಒಂದೊಂದು ಹಳ್ಳಿಯ ಪುಟದಲ್ಲೂ ಜಿಲ್ಲೆಯ ಹೆಸರು ಬದಲಾಗಬೇಕು, ಟೆಂಪ್ಲೇಟು (ಒಂದೇ ಬಗೆಯ ಪುಟಗಳಿಗೆಲ್ಲ ಹಾಕುವ ಸಿದ್ಧ ಚೌಕಟ್ಟು) ಬದಲಾಗಬೇಕು, ಪುಟ ಸೇರಿರುವ ವರ್ಗ ಬದಲಾಗಬೇಕು. ಈ ಕೆಲಸಕ್ಕೆ ಪಾಂಡಿತ್ಯ ಬೇಡ. ಒಂದು ಸರ್ಕಾರಿ ಆದೇಶವನ್ನೋ ಪತ್ರಿಕಾ ವರದಿಯನ್ನೋ ಉಲ್ಲೇಖವಾಗಿ ಕೊಡುವ ತಾಳ್ಮೆ ಇದ್ದರೆ ಸಾಕು. ತಪ್ಪಾದೀತೆಂಬ ಭಯವೂ ಅನಗತ್ಯ, ಹಿಂದಿನ ಆವೃತ್ತಿಗಳೆಲ್ಲ ಆಯಾ ಪುಟದ ‘ಇತಿಹಾಸ’ದಲ್ಲಿ ಹಾಗೆಯೇ ಉಳಿದಿರುತ್ತವೆ. ಅನುಮಾನವಿದ್ದರೆ ಚರ್ಚೆ ಪುಟವಿದೆ, ಅರಳಿ ಕಟ್ಟೆಯಿದೆ. (ಸಮುದಾಯದ ಚರ್ಚೆಯ ಜಾಗಕ್ಕೆ ಆ ಹೆಸರಿಟ್ಟವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ.)

ಹಲವರು ಸೇರಿ ನಿಗದಿತ ಅವಧಿಯಲ್ಲಿ ವಿಕಿಪೀಡಿಯಕ್ಕೆ ಬರೆಯುವ ಸಂಪಾದನೋತ್ಸವಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿ. ಹೊಸಬರನ್ನು ಕರೆತರುವುದರಲ್ಲಿ ಅವು ನಿಜಕ್ಕೂ ಉಪಯುಕ್ತ, ಆದರೆ ಅಂಕ ಸಿಗುವುದು ಹೆಚ್ಚಾಗಿ ಹೊಸ ಪುಟಕ್ಕೆ ಮತ್ತು ಸೇರಿಸಿದ ಬೈಟುಗಳಿಗೆ, ಅಂದರೆ ಬರಹದ ಗಾತ್ರಕ್ಕೆ. ಕಳೆದ ವಾರ ನಾನು ಒಂದು ಕಾಯಿಲೆಯ ಕುರಿತ ಲೇಖನದಲ್ಲಿ ಎರಡು ಸಂಜೆ ಕುಳಿತು, ಅರ್ಥವಾಗದ ಹನ್ನೆರಡು ವಾಕ್ಯಗಳನ್ನು ಐದಕ್ಕೆ ಇಳಿಸಿದೆ. ಸೇರಿಸಿದ್ದನ್ನು ಹಸಿರಿನಲ್ಲೂ ತೆಗೆದದ್ದನ್ನು ಕೆಂಪಿನಲ್ಲೂ ತೋರಿಸುವ ಇತಿಹಾಸದ ಪಟ್ಟಿಯಲ್ಲಿ, ಆ ಎರಡು ಸಂಜೆಗಳ ಲೆಕ್ಕ ನನ್ನ ಹೆಸರಿನ ಮುಂದೆ ಕೆಂಪು ಅಂಕಿಯಾಗಿ ನಿಂತಿದೆ.