ಗ್ರಹಣಕ್ಕೂ ಆಲ್ಬಿನಿಸಂಗೂ ಸಂಬಂಧ ಇಲ್ಲ

ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕಡಿಮೆ ಇರುವುದು, ಅದರ ಬಗ್ಗೆ ಬಂದ ಲೇಖನದಲ್ಲಿ ಇದು ತೊನ್ನಲ್ಲ, ಅಂಟುರೋಗವೂ ಅಲ್ಲ ಅಂತ ಬರೆದಿದ್ದು ಒಳ್ಳೆಯದಾಯಿತು. ನಮ್ಮ ರಾಯಚೂರು ಕಡೆ ಇನ್ನೂ ಬಸುರಿ ಗ್ರಹಣ ನೋಡಿದಳು ಅಂತ ತಾಯಿಯನ್ನೇ ದೂರುವವರಿದ್ದಾರೆ. ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಇದಕ್ಕೆ ಕಾರಣವಾದ ಜೀನ್ ಬಂದರೆ ಮಾತ್ರ ಮಗುವಿಗೆ ಹೀಗಾಗುವುದು. ಇಬ್ಬರಲ್ಲೂ ಅದು ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಶೇ 25ರಷ್ಟು ಸಾಧ್ಯತೆ. ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಗಂಡ, ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಅಡಗಿರುವ ಸಂಭವ ಜಾಸ್ತಿ. ಆ ಮಾತು ಮಾತ್ರ ಯಾರೂ ಎತ್ತಲ್ಲ, ಅಲ್ವಾ?

ನಮ್ಮ ಅಕ್ಕನ ಮಗಳಿಗೆ ಆಲ್ಬಿನಿಸಂ ಇದೆ. ನಮ್ಮೂರ ಬಿಸಿಲು ಗೊತ್ತಲ್ಲ, ತುಂಬು ತೋಳಿನ ಅಂಗಿ, ಟೋಪಿ, ಕಪ್ಪು ಕನ್ನಡಕ ಇಲ್ಲದೆ ಹೊಸ್ತಿಲು ದಾಟಲ್ಲ. ಇದರಿಂದ ಕಣ್ಣೂ ಮಂದ, ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಾಳೆ. ಶಾಲೆಯಲ್ಲಿ ಪಾಪ, ಮುಂದಿನ ಬೆಂಚೇನೋ ಕೊಟ್ಟರು, ಅದೂ ಕಿಟಕಿ ಎದುರಿಗೆ! ಬೆಳಕು ಕಣ್ಣಿಗೆ ಚುಚ್ಚುತ್ತದೆ ಅಂತ ಅಕ್ಕನೇ ಹೋಗಿ ಹೇಳಿ ಜಾಗ ಬದಲಾಯಿಸಿದಳು.