ಬಿಎ ಓದುವವರ ಪರವಾಗಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಯ ಮನೆಗಳಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಬಿಕಾಂ ಎಲ್ಲದರ ಲೆಕ್ಕ ಮುಗಿದು, ಯಾವುದೂ ಹೊಂದದಿದ್ದಾಗ 'ಬಿಎ ಅಂತೂ ಇದ್ದೇ ಇದೆಯಲ್ಲ' ಎಂಬ ಮಾತು ಬರುತ್ತದೆ. ಚಳ್ಳಕೆರೆ ಕಡೆ ಮಳೆ ನಂಬಿ ಶೇಂಗಾ ಬಿತ್ತಿ, ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆ ಇದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವುದು ನ್ಯಾಯವೇ. ಆದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಒಟ್ಟಿಗೆ ಓದುವ ವರ್ಷಗಳು ಏನನ್ನು ಕಲಿಸಬಲ್ಲವು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಕೆಲವೇ ಸಾಲುಗಳು. ವಿಷಯ ಒಂದು ಕೆರೆ. 1929ರ ಸುಮಾರಿಗೆ ಅದನ್ನು ಓದಿದ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಪಲ್ಲವ, ಆಭೀರ, ಪುನ್ನಾಟ ಮೊದಲಾದವರನ್ನು ಗೆದ್ದ ಅರಸನನ್ನು ಅಲ್ಲಿ ಕಂಡರು. ಮುಂದೆ ಬಂದ ವಿದ್ವಾಂಸರು ಸವೆದ ಅಕ್ಷರಗಳನ್ನು ಮತ್ತೆ ಪರಿಶೀಲಿಸಿ ಆ ಓದನ್ನೇ ಪ್ರಶ್ನಿಸಿದರು. ಕೆಲವು ಅಕ್ಷರಗಳನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ಒಬ್ಬ ರಾಜನ ದಿಗ್ವಿಜಯ ನಿಲ್ಲುತ್ತದೆ ಅಥವಾ ಬೀಳುತ್ತದೆ ಎಂಬುದನ್ನು ಆ ಬಂಡೆಯ ಎದುರು ನಿಂತು ತಿಳಿದುಕೊಂಡ ವಿದ್ಯಾರ್ಥಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಇತಿಹಾಸವನ್ನು 'ಇದಕ್ಕೆ ಆಧಾರವೇನು' ಎಂದು ಕೇಳದೆ ಮುಂದಕ್ಕೆ ಕಳಿಸಲಾರ.

ಇದು ಹಳೆಯ ಕಾಲಕ್ಕಷ್ಟೇ ಸಂಬಂಧಿಸಿದ್ದಲ್ಲ. 2023ರ ಕೇಂದ್ರ ಬಜೆಟ್‌ನಲ್ಲಿ, ನಮ್ಮ ಬರದ ನೆಲಕ್ಕೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾದಾಗ ಹಣ ಬಂದೇ ಬಿಟ್ಟಿತೆಂದು ಎಷ್ಟೋ ಜನ ನಂಬಿದರು. ಬಜೆಟ್ ಭಾಷಣಕ್ಕೂ ಹಣದ ಬಿಡುಗಡೆಗೂ ನಡುವೆ ಎಷ್ಟು ಮಂಜೂರಾತಿಗಳಿರುತ್ತವೆ, ಕೇಂದ್ರದ ಹೊಣೆ ಎಲ್ಲಿ ಮುಗಿದು ರಾಜ್ಯದ್ದು ಎಲ್ಲಿ ಶುರುವಾಗುತ್ತದೆ ಎಂಬುದು ಬಿಎ ತರಗತಿಯ ಪಾಠವೇ. ನೀರಿಗಾಗಿ ಧರಣಿ ಕೂರುವ ನಮ್ಮ ರೈತರ ಪಕ್ಕದಲ್ಲಿ ಇಷ್ಟನ್ನು ಬಲ್ಲ ಊರಿನ ಹುಡುಗಿಯೊಬ್ಬಳು ಇದ್ದರೆ, ಮನವಿಪತ್ರದಲ್ಲಿ ಯಾರನ್ನು ಏನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

ದುಃಖವೆಂದರೆ ಹೆಚ್ಚಿನ ಕಡೆ ಬಿಎ ಹೀಗೆ ನಡೆಯುತ್ತಿಲ್ಲ. ನೋಟ್ಸ್ ಬರೆಸುವುದು, ಪರೀಕ್ಷೆಯ ಹಿಂದಿನ ವಾರ ಗೈಡ್ ಕೊಳ್ಳುವುದು, ಜೊತೆಗೆ ಎಫ್‌ಡಿಎ, ಎಸ್‌ಡಿಎ ಎಂಬ ಸರ್ಕಾರಿ ಗುಮಾಸ್ತ ಹುದ್ದೆಗಳ ಪರೀಕ್ಷೆಗೆ ತಯಾರಿ. ವರ್ಷಗಳು ಇಷ್ಟರಲ್ಲೇ ಕಳೆಯುತ್ತವೆ. ಪಾಠದ ಭಾರವನ್ನು ಬಹುಪಾಲು ಹೊರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಭರವಸೆಯೇ ಇರುವುದಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ವರ್ಷಗಳ ಬಗ್ಗೆ ಅಷ್ಟೆಲ್ಲ ವಾದ ಮಾಡಿದ ನಾವು ತರಗತಿಯ ಒಳಗೆ ಏನು ನಡೆಯಬೇಕೆಂದು ಅದರ ಕಾಲು ಭಾಗದಷ್ಟೂ ಮಾತಾಡಲಿಲ್ಲ.

ಆದ್ದರಿಂದ ನಮ್ಮ ಎರಡೂ ಜಿಲ್ಲೆಗಳ ಕಾಲೇಜುಗಳಲ್ಲಿ ನನ್ನದೊಂದು ವಿನಂತಿ. ಮೊದಲ ಸೆಮಿಸ್ಟರ್‌ನಲ್ಲೇ ಮಕ್ಕಳನ್ನು ಚಂದ್ರವಳ್ಳಿಗೆ, ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನದ ಬಳಿಗೆ ಕರೆದೊಯ್ಯಿರಿ, ಜಿಲ್ಲಾ ಪಂಚಾಯಿತಿಯ ಬಜೆಟ್ ಪುಸ್ತಕವನ್ನು ಅವರ ಕೈಗೆ ಕೊಡಿ. ಆ ತರಗತಿಗೆ ಬಿಎಸ್ಸಿ, ಬಿಕಾಂ ಮಕ್ಕಳೂ ಬಂದು ಕೂರಲು ಅವಕಾಶವಿರಲಿ.