ಜೋಳದ ಹಿಟ್ಟು, ಟಾರ್ಚಿನ ಸೆಲ್, ಮಕ್ಕಳ ಕೈ

ಊರಿನಿಂದ ಬಂಧುಗಳು ಫೋನ್ ಮಾಡಿದಾಗ ಈಚೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಹುಡುಗನಿಗೆ ವಿಜ್ಞಾನದ ರುಚಿ ಹತ್ತಬೇಕು. ಪುಣೆಯಲ್ಲಿ ಒಳ್ಳೊಳ್ಳೆಯ ಕಿಟ್ ಸಿಗುತ್ತವಂತಲ್ಲ, ಯಾವುದನ್ನು ತರಿಸಲಿ?" ಯಾವುದೂ ಬೇಡ ಎನ್ನುತ್ತೇನೆ. ದುಡ್ಡು ಉಳಿಸಲೆಂದು ಹೇಳುವ ಮಾತಲ್ಲ ಇದು. ಪೆಟ್ಟಿಗೆಯಲ್ಲಿ ಬರುವ ಕಿಟ್‌ನಲ್ಲಿ ಯೋಚಿಸುವ ಕೆಲಸವನ್ನು ಯಾರೋ ಮೊದಲೇ ಮುಗಿಸಿರುತ್ತಾರೆ. ತುಂಡುಗಳನ್ನು ಯಂತ್ರ ಕತ್ತರಿಸಿರುತ್ತದೆ, ತೂತುಗಳನ್ನು ಕೊರೆದಿರುತ್ತದೆ, ಯಾವ ಸ್ಕ್ರೂ ಎಲ್ಲಿಗೆ ಎಂಬುದನ್ನು ಚಿತ್ರ ತೋರಿಸುತ್ತದೆ. ಮಗು ತಿರುಪು ಬಿಗಿಯುತ್ತದೆ, ಗಾಡಿ ಓಡುತ್ತದೆ, ವಾರದೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಓಡದೆ ನಿಲ್ಲುವ ಸಾಧ್ಯತೆಯೇ ಇಲ್ಲದ ಗಾಡಿಯಿಂದ ಮಕ್ಕಳು ಕಲಿಯುವುದು ತೀರಾ ಕಡಿಮೆ.

ನಾನು ಧಾರವಾಡ ಜಿಲ್ಲೆಯ ಒಕ್ಕಲುತನದ ಮನೆಯಿಂದ ಬಂದು ಪುಣೆಯಲ್ಲಿ ನೆಲೆಸಿದವನು. ಮಗಳು ಇಲ್ಲಿಯೇ ಬೆಳೆಯುತ್ತಿದ್ದಾಳೆ, ರಜೆಗೆ ಊರಿಗೆ ಹೋಗುತ್ತಾಳೆ. ಎರಡೂ ಕಡೆಯ ಮನೆಗಳನ್ನು ನೋಡುತ್ತಾ ಬಂದ ಹಾಗೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಇದು: ಕರ್ನಾಟಕದಲ್ಲಿ ವಿಜ್ಞಾನ ಕಲಿಸುವ ಸಂಸ್ಥೆಗಳಿಗಾಗಲಿ, ಪ್ರಯೋಗಕ್ಕೆ ಬೇಕಾದ ಸಾಮಗ್ರಿಗಾಗಲಿ ಬರವಿಲ್ಲ. ಆದರೆ ಅದನ್ನು ಶಾಲೆಯ ಪಾಲಿಗೆ ಬಿಟ್ಟು ಮನೆ ಕೈತೊಳೆದುಕೊಂಡಿದೆ. ಪುಣೆಯಲ್ಲಿ ನಾನು ಕಂಡ ಹಲವು ಮನೆಗಳು ಹಾಗೆ ಬಿಟ್ಟಿಲ್ಲ.

ಇಲ್ಲಿ ಹೀಗಾಗಲು ಕಾರಣವಾದ ಜನರಿದ್ದಾರೆ. ಮೊದಲು ನೆನಪಾಗುವ ಹೆಸರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಪುಣೆಯ ಟ್ರಕ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಹೋದರು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 1972ರಿಂದ ಒಂದು ವಿಜ್ಞಾನ ಬೋಧನಾ ಕಾರ್ಯಕ್ರಮ ನಡೆಯುತ್ತಿತ್ತು. ಮಕ್ಕಳು ಪಾಠ ಕೇಳುವ ಬದಲು ತಾವೇ ಮಾಡಿ ನೋಡಿ ಕಲಿಯುವ ಕಾರ್ಯಕ್ರಮ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಇಷ್ಟು ವರ್ಷಗಳ ಮೇಲೂ ಆ ಸುದ್ದಿ ನನಗೆ ಸಂಕಟ ತರುತ್ತದೆ. ಆದರೆ ಗುಪ್ತಾ ಅಲ್ಲಿಂದ ತಂದ ಬೆಂಕಿಕಡ್ಡಿಯ ಆಟ ಉಳಿಯಿತು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಚಿಕ್ಕ ಚೂರುಗಳಾಗಿ ಕತ್ತರಿಸಿಕೊಂಡು, ಆ ಚೂರುಗಳನ್ನೇ ಕೀಲಾಗಿಸಿ, ಮದ್ದು ಕೆರೆದ ಕಡ್ಡಿಗಳನ್ನು ಜೋಡಿಸುವುದು. ಚೌಕ ಮಾಡಿ ಒತ್ತಿದರೆ ಓರೆಯಾಗುತ್ತದೆ. ತ್ರಿಕೋನ ಮಾಡಿ ಎಷ್ಟು ಒತ್ತಿದರೂ ಅಲುಗುವುದಿಲ್ಲ. ಮೊಬೈಲ್ ಟವರಿನಲ್ಲಿ ಅಷ್ಟೊಂದು ತ್ರಿಕೋನಗಳು ಏಕಿವೆ ಎಂದು ಆಮೇಲೆ ಮಕ್ಕಳಿಗೆ ಹೇಳಬೇಕಾಗಿಲ್ಲ, ಅವರೇ ತೋರಿಸುತ್ತಾರೆ.

ಗುಪ್ತಾ ಅವರು ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪುಣೆಯ ಆಯುಕಾ ಖಗೋಳ ವಿಜ್ಞಾನ ಕೇಂದ್ರದಲ್ಲಿ ಮಕ್ಕಳಿಗಾಗಿಯೇ ಇರುವ ಮುಕ್ತಾಂಗಣದಲ್ಲಿ ಕೆಲಸ ಮಾಡಿದರು. ಕಸದಿಂದ ಅವರು ಮಾಡಿದ ಆಟಿಕೆಗಳ ಪುಟ್ಟ ವಿಡಿಯೊಗಳು ಅಂತರ್ಜಾಲದಲ್ಲಿ ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಅದೇ ಆಯುಕಾವನ್ನು ಕಟ್ಟಿದ ಜಯಂತ ನಾರಳೀಕರರು ಕೊಲ್ಲಾಪುರದಲ್ಲಿ ಹುಟ್ಟಿದವರು. ಮಕ್ಕಳು ಹಸ್ತಾಕ್ಷರ ಕೇಳಿದರೆ ಅಂಚೆ ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿ ಎನ್ನುತ್ತಿದ್ದರು. ಉತ್ತರ ಬರೆದು ಕೆಳಗೆ ಸಹಿ ಹಾಕಿ ಕಳಿಸುತ್ತಿದ್ದರು. ಸಹಿ ಬೇಕಾದರೆ ಮನೆಯಲ್ಲಿ ಕುಳಿತು ಒಂದು ಪ್ರಶ್ನೆಯನ್ನು ಹುಡುಕಲೇಬೇಕು. ಅವರು 2025ರಲ್ಲಿ ತೀರಿಕೊಂಡಾಗ ಇಲ್ಲಿ ಅನೇಕರಿಗೆ ಮೊದಲು ನೆನಪಾದದ್ದು ಆ ಕಾರ್ಡುಗಳು.

ಇನ್ನು ನಮ್ಮ ಮನೆಯ ಮೇಜಿನ ಮೇಲೆ ನಡೆಯುವ ಒಂದು ಕೆಲಸವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಓದಿದವರು ಮಾಡಿ ನೋಡಬೇಕೆಂಬುದೇ ನನ್ನ ಆಸೆ. ಮೋಟಾರು ಮಾಡುವುದು. ಬೇಕಾದದ್ದು ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ದೊಡ್ಡ ಸೆಲ್, ಎರಡು ಸೇಫ್ಟಿ ಪಿನ್ನು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲವಾದ ರಬ್ಬರ್ ಪಟ್ಟಿ, ಹಳೆಯ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತ, ಮೋಟಾರುಗಳಿಗೆ ಸುತ್ತುವ ತಾಮ್ರದ ವೈಂಡಿಂಗ್ ತಂತಿ ಒಂದು ಮೀಟರಿನಷ್ಟು. ತಂತಿಯನ್ನು ಸೆಲ್ಲಿಗೇ ಹತ್ತು ಸುತ್ತು ಸುತ್ತಿ, ಬಳೆಯಂತೆ ಹೊರಗೆಳೆದು, ಎರಡು ತುದಿಗಳನ್ನು ಎದುರುಬದುರಾಗಿ ಹೊರಗೆ ಚಾಚಿಸಬೇಕು. ರಬ್ಬರ್ ಪಟ್ಟಿಯನ್ನು ಸೆಲ್ಲಿನ ಉದ್ದಕ್ಕೆ ತೊಡಿಸಿ, ಎರಡೂ ಕೊನೆಗೆ ಒಂದೊಂದು ಪಿನ್ನು ಸಿಕ್ಕಿಸಿ, ಪಿನ್ನುಗಳ ತೂತಿನಲ್ಲಿ ತಂತಿಯ ತುದಿಗಳನ್ನು ಕೂರಿಸಬೇಕು. ಆಯಸ್ಕಾಂತ ಸೆಲ್ಲಿನ ಮೇಲೆ, ಸುರುಳಿಯ ಕೆಳಗೆ. ಇಷ್ಟಾದ ಮೇಲೆ ಬೆರಳಿನಿಂದ ಸುರುಳಿಯನ್ನು ತಟ್ಟಿದರೆ ಏನೂ ಆಗುವುದಿಲ್ಲ.

ಏನೂ ಆಗದ ಈ ಗಳಿಗೆಯೇ ನನಗೆ ಬೇಕಾದದ್ದು. ಸೆಲ್ ಹೊಸದು, ಪಿನ್ನು ಸರಿಯಾಗಿ ತಾಗಿದೆ, ಆದರೂ ತಿರುಗುವುದಿಲ್ಲ. ಮಕ್ಕಳು ತಂತಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಉಗುರಿನಿಂದ ಗೀರುತ್ತಾರೆ. ತಂತಿಯ ಮೇಲೆ ತೆಳುವಾದ ಲೇಪವಿದೆ, ಅದರೊಳಗಿಂದ ವಿದ್ಯುತ್ತು ಹೊರಬರುವುದಿಲ್ಲ ಎಂದು ಯಾರಾದರೊಬ್ಬರಿಗೆ ಹೊಳೆಯುತ್ತದೆ. ಎರಡೂ ತುದಿಗಳನ್ನು ಬ್ಲೇಡಿನಿಂದ ಪೂರ್ತಿ ಕೆರೆಯುತ್ತಾರೆ. ಈಗ ಸುರುಳಿ ಒಮ್ಮೆ ನಡುಗಿ, ಅತ್ತಿತ್ತ ತೂಗಿ, ನಿಂತುಬಿಡುತ್ತದೆ. ಅರ್ಧ ಸುತ್ತಿನಲ್ಲಿ ಆಯಸ್ಕಾಂತ ಅದನ್ನು ಮುಂದಕ್ಕೆ ತಳ್ಳಿದರೆ, ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಹೊಸ ತಂತಿ ಸುತ್ತಿ, ಒಂದು ತುದಿಯನ್ನು ಪೂರ್ತಿಯಾಗಿ ಕೆರೆದು, ಇನ್ನೊಂದು ತುದಿಯಲ್ಲಿ ಅರ್ಧ ಭಾಗದ ಲೇಪವನ್ನು ಹಾಗೆಯೇ ಉಳಿಸಿದರೆ, ಹಿಂದಕ್ಕೆ ಎಳೆಯುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಕಡಿಯುತ್ತದೆ. ಪಡೆದ ವೇಗದಲ್ಲೇ ಸುರುಳಿ ಆ ಅರ್ಧವನ್ನು ದಾಟಿ ಮತ್ತೆ ತಳ್ಳುವ ಜಾಗಕ್ಕೆ ಬರುತ್ತದೆ. ಆಮೇಲೆ ಕಣ್ಣಿಗೆ ಸುರುಳಿ ಕಾಣದಷ್ಟು ಜೋರಾಗಿ ತಿರುಗುತ್ತದೆ. ಅಡುಗೆಮನೆಯ ಮಿಕ್ಸರ್ ಕಿಡಿ ಹಾರಿಸತೊಡಗಿದಾಗ ರಿಪೇರಿಯವನು ಬದಲಿಸುವ ಕಾರ್ಬನ್ ಬ್ರಷ್ ಒಳಗೆ ಏನು ಮಾಡುತ್ತಿತ್ತು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಅಲ್ಲಿ ವಿದ್ಯುತ್ತನ್ನು ಕಡಿದು ಬಿಡುವುದಿಲ್ಲ, ದಿಕ್ಕು ಬದಲಿಸುತ್ತಾರೆ. ಎರಡೂ ಅರ್ಧಗಳಲ್ಲಿ ತಳ್ಳು ಸಿಗುತ್ತದೆ.

ಎಚ್ಚರದ ಮಾತನ್ನೂ ಇಲ್ಲಿಯೇ ಹೇಳಬೇಕು. ಸುರುಳಿ ನಿಂತಾಗ ಸೆಲ್ ಬಿಸಿಯಾಗುತ್ತದೆ, ಆದ್ದರಿಂದ ಹಾಗೆಯೇ ಬಿಡದೆ ತುದಿಗಳನ್ನು ತೆಗೆದಿಡಬೇಕು. ಮೊಬೈಲಿನ ಬ್ಯಾಟರಿಯನ್ನು ಇದಕ್ಕೆ ಬಳಸಲೇಬಾರದು. ಗೋಡೆಯ ಸ್ವಿಚ್ಚಿನ ವಿದ್ಯುತ್ತಿನ ಹತ್ತಿರವಂತೂ ಸುಳಿಯಬಾರದು.

ಈ ತಂತಿಗಾಗಿ ನಾನು ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಹೋಗಿ, ಗದ್ದಲದಲ್ಲಿ ನಿಂತು, ತೂಕಕ್ಕೆ ಕೊಳ್ಳಬೇಕು. ನಮ್ಮ ಕಡೆಯ ಯಾವ ಸಣ್ಣ ಪಟ್ಟಣದಲ್ಲಾದರೂ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಅಂಗಡಿಯೊಂದು ಸಿಗುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಮೋಟಾರುಗಳನ್ನು ಬಿಚ್ಚಿ ಹರಡಿಕೊಂಡು ಕುಳಿತಿರುವ ಮೇಸ್ತ್ರಿ, ಮಕ್ಕಳು ಕೇಳಿದರೆ ತುಂಡು ತಂತಿಯನ್ನು ಹಾಗೆಯೇ ಕೊಡುತ್ತಾನೆ. ಒಳಗೆ ಸುರುಳಿಗಳನ್ನು ಹೇಗೆ ಕೂರಿಸುತ್ತಾರೆ ಎಂದು ತೋರಿಸಿಯೂ ತೋರಿಸುತ್ತಾನೆ. ಅಂಥ ಅಂಗಡಿಯ ಮುಂದೆಯೇ ದಿನಾ ಹಾದು ಶಾಲೆಗೆ ಹೋಗುವ ಮಗುವಿಗೆ ಮೋಟಾರಿನ ಕಿಟ್ ತರಿಸಿಕೊಡಲು ಪುಣೆಗೆ ಫೋನ್ ಮಾಡುತ್ತೇವಲ್ಲ, ನನಗೆ ದುಃಖವಾಗುವುದು ಇದಕ್ಕೇ.

ಅಡುಗೆಮನೆಯ ವಿಷಯದಲ್ಲೂ ಹೀಗೆಯೇ. ಉತ್ತರ ಕರ್ನಾಟಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ದಿನನಿತ್ಯದ ಕೆಲಸ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿಯೇ ನಾದುತ್ತಾರೆ, ಚಪಾತಿಯ ಹಿಟ್ಟಿಗೆ ತಣ್ಣೀರು ಸಾಕು. ಏಕೆ? ಮಗುವಿಗೆ ಎರಡು ಬಟ್ಟಲು ಕೊಡಿ. ಒಂದರಲ್ಲಿ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಲಿ, ಇನ್ನೊಂದರಲ್ಲಿ ದೊಡ್ಡವರು ಬಿಸಿನೀರು ಸುರಿದು, ತುಸು ಆರಿದ ಮೇಲೆ ಅದೇ ನಾದಲಿ. ತಣ್ಣೀರಿನದು ಬಡಿಯಲು ಹೋದರೆ ಅಂಚಿನಲ್ಲೇ ಸೀಳುತ್ತದೆ. ಬಿಸಿನೀರಿನದು ಹರಡುತ್ತಾ ಹೋಗುತ್ತದೆ. ಆಮೇಲೆ ಗೋಧಿ ಹಿಟ್ಟಿನ ಒಂದು ಉಂಡೆಯನ್ನು ನಾದಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ನೀರಿನಲ್ಲಿ ಹಿಡಿದು ಮೆಲ್ಲಗೆ ಹಿಸುಕುತ್ತಾ ತೊಳೆಯಲಿ. ಹಾಲಿನಂಥ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಒಂದು ಮುದ್ದೆ ಉಳಿಯುತ್ತದೆ. ಅದು ಗ್ಲುಟೆನ್. ಜೋಳದ ಉಂಡೆಯನ್ನು ಹೀಗೆಯೇ ತೊಳೆದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಪೂರ್ತಿ ಕದಡಿ ಹೋಗುತ್ತದೆ. ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿನೀರಿಗೆ ಪಿಷ್ಟದ ಒಂದು ಭಾಗ ಬೆಂದು ಗಂಜಿಯಾಗಿ ಆ ಕೆಲಸವನ್ನು ಮಾಡುತ್ತದೆ.

ನಮ್ಮ ಅವ್ವನಿಗೆ ಈ ಹೆಸರುಗಳು ಗೊತ್ತಿಲ್ಲ, ಆದರೆ ಯಾವ ಹಿಟ್ಟಿಗೆ ಎಷ್ಟು ಬಿಸಿನೀರು ಎಂಬುದು ಅವಳ ಅಂಗೈಗೆ ಗೊತ್ತು. ಹಳೆಯ ಹಿಟ್ಟಾದರೆ ಜಿಗುಟು ಕಡಿಮೆ ಎಂದೂ ಹೇಳುತ್ತಾಳೆ. ರಜೆಯಲ್ಲಿ ಮೊಮ್ಮಗಳು ಅವಳ ಪಕ್ಕ ಕುಳಿತು, "ಅಜ್ಜಿ, ಬೇಯುತ್ತಿರುವ ರೊಟ್ಟಿಯ ಮೇಲೆ ನೀರು ಏಕೆ ಸವರುತ್ತೀರಿ?" ಎಂದು ಕೇಳಿದರೆ, "ಒಂದಕ್ಕೆ ಸವರಿ, ಒಂದನ್ನು ಹಾಗೆಯೇ ಬಿಟ್ಟು ನೋಡೋಣ ಬಾ" ಎನ್ನುತ್ತಾಳೆ. ವಿಜ್ಞಾನಕ್ಕೆ ಬೇಕಾದ ಗುರು ಇದಕ್ಕಿಂತ ಬೇರೆ ಇರಲಾರರು. ಉತ್ತರ ಬಾಯಿಗೆ ಬಂದರೂ ತಡೆದುಕೊಂಡು, ಮಗುವಿನಿಂದ ಮೊದಲು ಊಹೆ ಹೇಳಿಸಿ, ಆಮೇಲೆ ಮಾಡಿಸುವುದು ದೊಡ್ಡವರಿಗೆ ಕಷ್ಟದ ಕೆಲಸ. ಅವ್ವನಿಗೆ ಅದು ಸಹಜವಾಗಿ ಬಂದಿದೆ.

ಆದರೆ ಎಲ್ಲ ಮನೆಗಳಲ್ಲಿ ಹೀಗಿಲ್ಲ. ಊರಿನಲ್ಲಿ ನೆಂಟರ ಮಕ್ಕಳು ಎದುರು ಬಂದರೆ ನಾವು ಮಾಡುವ ಮೊದಲ ಕೆಲಸ ಪ್ರಶ್ನೆ ಕೇಳುವುದು. ನ್ಯೂಟನ್ನನ ಮೂರನೆಯ ನಿಯಮ ಹೇಳು, ದ್ಯುತಿಸಂಶ್ಲೇಷಣೆ ಎಂದರೇನು ಹೇಳು. ಮಗು ಉಸಿರು ಬಿಡದೆ ಒಪ್ಪಿಸುತ್ತದೆ, ದೊಡ್ಡವರು ಬೆನ್ನು ತಟ್ಟುತ್ತಾರೆ. ಅದೇ ಮಗು ಮನೆಯ ಕೆಟ್ಟ ರೇಡಿಯೊ ಬಿಚ್ಚಿದರೆ ಏಟು ಬೀಳುತ್ತದೆ. ಚಾಕು ಮುಟ್ಟಬೇಡ, ಕಡ್ಡಿ ಗೀರಬೇಡ, ಮಣ್ಣಿಗಿಳಿಯಬೇಡ, ಪರೀಕ್ಷೆ ಹತ್ತಿರ ಬಂತು. ಹಿಂದಿನ ತಲೆಮಾರಿನ ಮಕ್ಕಳು ಹತ್ತು ವರ್ಷಕ್ಕೆಲ್ಲ ಒಲೆ ಹೊತ್ತಿಸುತ್ತಿದ್ದರು, ಕುಡುಗೋಲು ಹಿಡಿಯುತ್ತಿದ್ದರು, ಕುಂಟೆಯ ಹಗ್ಗ ಬಿಗಿಯುತ್ತಿದ್ದರು. ಓದಿನ ಹೆಸರಿನಲ್ಲಿ ಅವರ ಮೊಮ್ಮಕ್ಕಳ ಕೈಯನ್ನು ನಾವು ಕಟ್ಟಿಹಾಕಿದ್ದೇವೆ. ಚಾಕು ಹಿಡಿಯುವುದನ್ನು ಪಕ್ಕದಲ್ಲಿ ಕುಳಿತು ಕಲಿಸಬೇಕು. ಕಿತ್ತುಕೊಂಡರೆ ಹದಿನೈದನೆಯ ವಯಸ್ಸಿನಲ್ಲಿ ಅದೇ ಕೈ ಪ್ರಯೋಗಾಲಯದಲ್ಲಿ ನಡುಗುತ್ತದೆ.

ಪುಣೆಯನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಮಹಾರಾಷ್ಟ್ರದಲ್ಲಿ ಆರು ಮತ್ತು ಒಂಬತ್ತನೆಯ ತರಗತಿಯವರಿಗೆ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ಎಂಬುದಿದೆ. ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆ, ಮಗು ತಾನೇ ಮಾಡಬೇಕಾದ ಒಂದು ಅಧ್ಯಯನ, ಸಂದರ್ಶನ ಎಲ್ಲ ಇರುವ ಒಳ್ಳೆಯ ಸ್ಪರ್ಧೆ. ಈಗ ಅದಕ್ಕೂ ಕೋಚಿಂಗ್ ಬಂದಿದೆ. ಹನ್ನೊಂದು ವರ್ಷದ ಮಕ್ಕಳನ್ನು ಸಂಜೆ ಕೂರಿಸಿ ಪ್ರಯೋಗದ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಾರೆ. ರೋಬಾಟ್ ತರಗತಿಗಳ ಜಾಹೀರಾತು ನಮ್ಮ ವಸತಿ ಸಂಕೀರ್ಣದ ಲಿಫ್ಟಿನಲ್ಲೂ ಅಂಟಿದೆ.

ಕರ್ನಾಟಕದ ಕಡೆ ಇರುವುದನ್ನೂ ಹೇಳಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಕಟ್ಟಡ ಉದ್ಘಾಟನೆಯಾದದ್ದು 1962ರಲ್ಲಿ. ಅದೇ ವರ್ಷ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಜನರಿಗಾಗಿ ವಿಜ್ಞಾನ ಉಪನ್ಯಾಸ ನಡೆಸುವ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಾಸಪತ್ರಿಕೆಯನ್ನು ಓದಿ ಬೆಳೆದ ಮೇಷ್ಟ್ರುಗಳು ಹಳ್ಳಿ ಹಳ್ಳಿಗಳಲ್ಲಿದ್ದಾರೆ. ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವೇ ಇದೆ. ಅಲ್ಲಿಗೆ ಶಾಲೆಯ ಬಸ್ಸಿನಲ್ಲಿ ಹೋಗಿ ಬರುವ ಮಗು ಮನೆಗೆ ಬಂದು ತಾನು ಕಂಡದ್ದನ್ನು ಮಾಡಹೊರಟರೆ, ಮನೆಯಲ್ಲಿ ಅದಕ್ಕೊಂದು ಮೂಲೆ ಬೇಕು. ಹಳೆಯ ಡಬ್ಬಿ, ರಬ್ಬರು, ತಂತಿ, ಸಿರಿಂಜು, ಬಾಟಲಿ ಮುಚ್ಚಳಗಳನ್ನು ಹಾಕಿಡುವ ಒಂದು ರಟ್ಟಿನ ಪೆಟ್ಟಿಗೆ, ಗಲೀಜಾದರೂ ಬೈಯದ ಒಬ್ಬ ದೊಡ್ಡವರು. ಇಷ್ಟೇ ಸಾಕು.

ಕೊನೆಯದಾಗಿ, ಊರಿನ ಶಾಲೆಗಳಲ್ಲಿ ವಸ್ತುಪ್ರದರ್ಶನ ನಡೆಸುವ ಗೆಳೆಯರಲ್ಲಿ ಒಂದು ಬೇಡಿಕೆ. ಪ್ರತಿವರ್ಷ ಅಲ್ಲಿ ಕಾಣುವುದು ಥರ್ಮೋಕೋಲಿನ ಜ್ವಾಲಾಮುಖಿ, ಥರ್ಮೋಕೋಲಿನ ಹೃದಯ, ಅಂಗಡಿಯಿಂದ ತಂದ ಗಾಳಿಯಂತ್ರ. ಕತ್ತರಿಸಿದವರು ಅಪ್ಪ, ಬಣ್ಣ ಹಚ್ಚಿದವರು ಅಕ್ಕ, ಪಕ್ಕದಲ್ಲಿ ನಿಂತು ವಿವರಣೆ ಒಪ್ಪಿಸುವುದು ಮಗು. ಈ ಸಲ ಮನೆಯಿಂದ ಏನನ್ನೂ ತರಬೇಡಿ ಎಂದು ಹೇಳಿ ನೋಡಿ. ಶಾಲೆಯ ಅಂಗಳದಲ್ಲಿ ಗುಜರಿ ಸಾಮಾನಿನ ರಾಶಿ ಹಾಕಿ, ಮೂವರು ನಾಲ್ವರು ಮಕ್ಕಳ ಗುಂಪು ಮಾಡಿ, ಬೆಳಗಿನ ಎರಡು ಗಂಟೆ ಕೊಡಿ. ನೀರನ್ನು ಮೇಲಕ್ಕೆತ್ತುವ ಏನಾದರೂ ಮಾಡಿ ಎನ್ನಿ, ಅಥವಾ ಸದ್ದು ಮಾಡುವ ಏನಾದರೂ. ಬಹುಮಾನ ಕೊಡಬೇಕಾದವರು ಮಧ್ಯಾಹ್ನ ಬಂದು ಮಾಡಿದ್ದನ್ನು ಬಿಚ್ಚಲು ಹೇಳಿ, ಮತ್ತೆ ಕಟ್ಟಲು ಹೇಳಿ, ಮೊದಲ ಸಲ ಏಕೆ ಕೆಲಸ ಮಾಡಲಿಲ್ಲ ಎಂದು ಕೇಳಲಿ. ತಂದೆತಾಯಿಯರಿಗೂ ಅಂದು ಕರೆ ಹೋಗಲಿ. ಅವರು ಗೆರೆಯಾಚೆ ನಿಂತು ನೋಡಲಿ, ಕೈ ಹಾಕುವುದು ಬೇಡ. ರಿವೈಂಡಿಂಗ್ ಅಂಗಡಿಯ ಮೇಸ್ತ್ರಿಯನ್ನು, ಬಡಿಗೇರರನ್ನು, ಸೈಕಲ್ ಪಂಚರ್ ಹಾಕುವವರನ್ನು ತೀರ್ಪುಗಾರರ ಸಾಲಿನಲ್ಲಿ ಕೂರಿಸಿ. ದಿನಾಂಕ ಮೊದಲೇ ತಿಳಿಸಿದರೆ ಪುಣೆಯಿಂದ ನಾನೂ ಬರುತ್ತೇನೆ, ಒಂದು ಚೀಲ ತಂತಿ ಮತ್ತು ಆಯಸ್ಕಾಂತಗಳೊಂದಿಗೆ.